ಒಂದೇ ಮೂಟೆ ಎರಡು ಸಲ ತೂಗಿದ್ದು

ನಾನು ತೀರ್ಥಹಳ್ಳಿ ಕಡೆಯವನು. ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ. ಟೆಕ್ ಕಾನ್ಫರೆನ್ಸಿನಲ್ಲಿ ಮಾತಾಡುವ ಆಸೆ ಹುಟ್ಟಿದಾಗ ಮೊದಲು ಕಳಿಸಿದ ಪ್ರಪೋಸಲ್ 'ಮೈಕ್ರೋಸರ್ವಿಸ್: ಒಂದು ಪರಿಚಯ'. ವಾಪಸ್ ಬಂತು. ಇನ್ನೊಂದು ಕಡೆ ಕಳಿಸಿದೆ, ಅದೂ ವಾಪಸ್. ಆಗ ಸಿಟ್ಟು ಬಂದಿತ್ತು. ಈಗ ಓದಿದರೆ ಅದನ್ನು ಯಾರು ಬೇಕಾದರೂ ಬರೆಯಬಹುದಿತ್ತು ಅನ್ನಿಸುತ್ತದೆ.

ಮೂರನೆಯದಕ್ಕೆ ವಿಷಯ ಮನೆಯಲ್ಲೇ ಸಿಕ್ಕಿತು. ನೆಂಟರೊಬ್ಬರ ಅಡಿಕೆ ವ್ಯಾಪಾರಕ್ಕೆ ತೂಕ ಬರೆದಿಡುವ ಸಣ್ಣ ಆಪ್ ಮಾಡಿಕೊಟ್ಟಿದ್ದೆ. ನಮ್ಮಲ್ಲಿ ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರ್ ಕೂಡ ಮಲಗುತ್ತದೆ. ಫೋನು ತೂಕ ಕಳಿಸಿತು, ಸರ್ವರ್ ಬರೆದುಕೊಂಡಿತು. ಆದರೆ 'ಬಂತು' ಅನ್ನುವ ಉತ್ತರ ದಾರಿಯಲ್ಲೇ ಕಳೆದುಹೋಯಿತು. ಫೋನು ಮತ್ತೆ ಕಳಿಸಿತು. 65 ಕೆಜಿಯ ಒಂದು ಮೂಟೆ ಲೆಕ್ಕದಲ್ಲಿ ಎರಡಾಯಿತು! ಪರಿಹಾರ ಹೊಸದೇನಲ್ಲ. ಪ್ರತಿ ತೂಕಕ್ಕೂ ಫೋನಿನಲ್ಲೇ ಒಂದು ಯುಯುಐಡಿ, ಅಂದರೆ ಬೇರೆ ಯಾವುದಕ್ಕೂ ಇರದ ಗುರುತಿನ ನಂಬರು, ಹಚ್ಚಿ ಕಳಿಸುವುದು. ಅದೇ ನಂಬರು ಮತ್ತೆ ಬಂದರೆ ಸರ್ವರ್ ಹೊಸದಾಗಿ ಬರೆಯುವುದಿಲ್ಲ, ಹಳೆಯ ಉತ್ತರವನ್ನೇ ಕೊಡುತ್ತದೆ. ಒಂದೇ ಕೋರಿಕೆ ಎಷ್ಟು ಸಲ ಬಂದರೂ ಫಲ ಒಂದು ಸಲದ್ದೇ; ಐಡೆಂಪೊಟೆನ್ಸಿ ಅಂದರೆ ಇಷ್ಟೇ.

ಏನು ಕೆಟ್ಟಿತು, ಹೇಗೆ ಹಿಡಿದೆ, ಕೇಳಿದವರಿಗೆ ಏನು ಸಿಗುತ್ತದೆ ಅಂತ ನಾಲ್ಕು ಸಾಲು ಬರೆದು ಕಳಿಸಿದೆ. ಆಯ್ಕೆಯಾಯಿತು.

ಪ್ರಾಕ್ಟೀಸ್ ಮಾಡಿದ್ದು ಜಗಲಿಯಲ್ಲಿ, ದೊಡ್ಡಪ್ಪನ ಎದುರು. ಅವರು ತಾಳಮದ್ದಲೆಯಲ್ಲಿ, ಅಂದರೆ ಕೂತು ನಡೆಸುವ ಯಕ್ಷಗಾನದಲ್ಲಿ, ಭಾಗವತರು ಹಾಡಿದ ಪದ್ಯಕ್ಕೆ ಅರ್ಥ ಹೇಳುವವರು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನಿಂದ ಜನರನ್ನು ಹಿಡಿದಿಡಬೇಕು. ನಾನು ಬಾಯಿಪಾಠ ಒಪ್ಪಿಸುವುದನ್ನು ಕವಳ ಜಗಿಯುತ್ತಾ ಕೇಳಿದರು.

"ಮಾರಾಯ, ಪದ್ಯ ಬಾಯಿಪಾಠ ಇರ್ಲಿ. ಅರ್ಥ ಅಲ್ಲೇ ಹುಟ್ಬೇಕು."

ಸ್ಲೈಡಿನ ತಲೆಬರಹಗಳೇ ನನ್ನ ಪದ್ಯ ಅಂದುಕೊಂಡೆ. ಅವನ್ನು ಮಾತ್ರ ನೆನಪಿಟ್ಟು ಉಳಿದದ್ದನ್ನು ಬಿಟ್ಟೆ. ಇನ್ನೊಂದು ಹೇಳಿದ್ದರು: "ಮೂಟೆ ಎರಡಾಯ್ತು ಅಂದ್ಮೇಲೆ ಸುಮ್ನಿರು. ಹ್ಯಾಂಗೆ ಅಂತ ಅವರೇ ಕೇಳ್ಬೇಕು." ಕಾನ್ಫರೆನ್ಸಿಗೂ ಮೊದಲು ಶಿವಮೊಗ್ಗದಲ್ಲಿ ಕಾಲೇಜು ಹುಡುಗರ ಮುಂದೆ ಐದು ನಿಮಿಷದ ಲೈಟ್ನಿಂಗ್ ಟಾಕ್ ಕೊಟ್ಟು ನೋಡಿದೆ. ಕೋಡ್ ಹಿಂದಿನ ಬೆಂಚಿಗೆ ಕಾಣಲೇ ಇಲ್ಲ. ಅಕ್ಷರ ದೊಡ್ಡದು ಮಾಡಿದೆ, ಒಂದು ಸ್ಲೈಡಿಗೆ ಹತ್ತು ಸಾಲಿಗಿಂತ ಜಾಸ್ತಿ ಹಾಕಲಿಲ್ಲ.

ಬೆಂಗಳೂರಿಗೆ ರೈಲಿನಲ್ಲಿ ಹೋದೆ. ಬ್ಯಾಗಿನಲ್ಲಿ ಪ್ರೊಜೆಕ್ಟರಿಗೆ ಜೋಡಿಸಲು ನನ್ನದೇ ಎಚ್‌ಡಿಎಂಐ ಅಡಾಪ್ಟರ್, ಪೆನ್‌ಡ್ರೈವಿನಲ್ಲಿ ಡೆಮೊದ ವಿಡಿಯೋ. ಅಲ್ಲಿಯ ವೈಫೈ ನಮ್ಮೂರಿನ ಟವರಿಗೆ ಅಣ್ಣ. ಡೆಮೊ ಅರ್ಧಕ್ಕೆ ನಿಂತಿತು, ವಿಡಿಯೋ ಹಾಕಿದೆ. ಮೂಟೆ ಎರಡಾದಾಗ ಬಾಯಿ ಮುಚ್ಚಿ ನಿಂತೆ. ಎದುರಿಗೆ ಒಬ್ಬರು ನಕ್ಕರು. ನನ್ನ ಕಾಲು ನಡುಗುವುದು ನಿಂತದ್ದು ಆಗಲೇ.

ಕೊನೆಗೆ ಒಬ್ಬರು, "ಆ ನಂಬರುಗಳನ್ನು ಎಷ್ಟು ದಿನ ಇಟ್ಟುಕೊಳ್ತೀರಿ?" ಅಂತ ಕೇಳಿದರು. ನಾನು ಯೋಚಿಸಿಯೇ ಇರಲಿಲ್ಲ. ಹಾಗೇ ಒಪ್ಪಿಕೊಂಡೆ. ಊಟದ ಹೊತ್ತಿಗೆ ಅವರೇ ಬಂದು ತಮ್ಮ ಲೆಕ್ಕ ಹೇಳಿಕೊಟ್ಟರು.

ಮನೆಗೆ ಬಂದಾಗ ದೊಡ್ಡಪ್ಪ ಕೇಳಿದ್ದು ಒಂದೇ. "ಎಷ್ಟು ಜನ ನಿದ್ದೆ ಮಾಡಿದ್ರು?"

"ಇಬ್ಬರು."

"ಅಡ್ಡಿಲ್ಲ."