ನಕ್ಷೆ ಬರೆಸುವ ಮೊದಲು: ಸ್ಥಳೀಯ ಸಂಸ್ಥೆಯ ಭೂಬಳಕೆ ನಿಯಮಗಳನ್ನು ಲೆಕ್ಕ ಹಾಕಿ ಓದುವ ಬಗೆ

ಸೈಟಿನಲ್ಲಿ ಎಷ್ಟು ಕಟ್ಟಬಹುದು ಎಂದರೆ ಹೆಚ್ಚಿನವರ ಬಾಯಲ್ಲಿ ಬರುವುದು ಒಂದೇ ಸಂಖ್ಯೆ: ಎಫ್‌ಎಆರ್, ಅಂದರೆ ಎಲ್ಲ ಮಹಡಿ ಸೇರಿ ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಅನುಪಾತ. ಸಣ್ಣ ಸೈಟಿನಲ್ಲಿ ಮೊದಲು ಅಡ್ಡ ನಿಲ್ಲುವುದು ಸಾಮಾನ್ಯವಾಗಿ ಅದಲ್ಲ. ಸೆಟ್‌ಬ್ಯಾಕೋ (ಸೈಟಿನ ಗಡಿಯಿಂದ ಕಟ್ಟದೆ ಖಾಲಿ ಬಿಡಬೇಕಾದ ಅಂತರ), ಎತ್ತರವೋ, ಪಾರ್ಕಿಂಗೋ, ರಸ್ತೆ ಅಗಲೀಕರಣದ ಗೆರೆಯೋ ಅದಕ್ಕಿಂತ ಮುಂಚೆ ಕೈ ಕಟ್ಟಿಹಾಕಿರುತ್ತದೆ. ಈ ನಿಯಮಗಳು ಒಂದಕ್ಕೊಂದು ರಿಯಾಯಿತಿ ಕೊಡುವುದಿಲ್ಲ. ಪ್ರತಿಯೊಂದನ್ನೂ ಬೇರೆಯಾಗಿ ಲೆಕ್ಕ ಹಾಕಿ, ಬಂದ ಉತ್ತರಗಳಲ್ಲಿ ಅತಿ ಚಿಕ್ಕದನ್ನು ಹಿಡಿಯಬೇಕು.

ಯಾವ ಪದ್ಧತಿ ಎಂದು ಮೊದಲು ತಿಳಿಯಿರಿ

ಜಗತ್ತಿನಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು ವಲಯ ಪದ್ಧತಿ: ನಿಯಮಪುಸ್ತಕದ ಅಳತೆಯೊಳಗೆ ನಕ್ಷೆ ಕೂತರೆ ಪರವಾನಗಿ ಸಿಗಬೇಕು. ನ್ಯೂಯಾರ್ಕ್ ನಗರ 1916ರಲ್ಲಿ ಇಡೀ ಊರಿಗೆ ಇಂಥ ನಿಯಮ ತಂದಿತು. ಬೀದಿಗೆ ಬೆಳಕು ಇಳಿಯಲೆಂದು, ಕಟ್ಟಡ ಮೇಲೇರಿದಂತೆ ಹಿಂದಕ್ಕೆ ಸರಿಯಬೇಕು ಎಂದಿತು. ಆ ಕಾಲದ ಗಗನಚುಂಬಿಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಇದರಿಂದಲೇ. ಇನ್ನೊಂದು ಬ್ರಿಟನ್ನಿನ ದಾರಿ. ಅಲ್ಲಿ 1947ರ ಕಾಯ್ದೆಯ ನಂತರ ಭೂಮಿಯ ಒಡೆತನ ಇದ್ದ ಮಾತ್ರಕ್ಕೆ ಕಟ್ಟುವ ಹಕ್ಕು ಬರುವುದಿಲ್ಲ. ಅದಕ್ಕೆ ಅನುಮತಿ ಬೇಕು. ಊರಿನ ಯೋಜನೆ ದಾರಿ ತೋರಿಸುತ್ತದೆ, ಆದರೆ ಪ್ರತಿ ಅರ್ಜಿಯನ್ನೂ ಸ್ಥಳೀಯ ಸಂಸ್ಥೆ ತೂಗಿ ನೋಡಿ ತೀರ್ಮಾನಿಸುತ್ತದೆ.

ಮೊದಲನೆಯದರಲ್ಲಿ ನಿಮ್ಮ ಮುಖ್ಯ ಕೆಲಸ ಲೆಕ್ಕ. ಎರಡನೆಯದರಲ್ಲಿ ಅರ್ಜಿಗೆ ಮುಂಚಿನ ಸಮಾಲೋಚನೆ, ಜೊತೆಗೆ ಅದೇ ಬೀದಿಯಲ್ಲಿ ಹಿಂದೆ ಯಾವ ಅರ್ಜಿ ಪಾಸಾಯಿತು, ಯಾವುದು ತಿರಸ್ಕೃತವಾಯಿತು, ಕಾರಣ ಏನು ಎಂಬುದನ್ನು ಓದುವುದು. ತಿರಸ್ಕಾರದ ಆದೇಶಗಳೇ ಹೆಚ್ಚು ಕಲಿಸುತ್ತವೆ. ಬಹಳ ಊರುಗಳಲ್ಲಿ ಎರಡೂ ಬೆರೆತಿರುತ್ತವೆ.

ಬಳಕೆ: ಏನು ಕಟ್ಟಬಹುದು

ಮಾಸ್ಟರ್ ಪ್ಲಾನಿನ ಭೂಬಳಕೆ ನಕ್ಷೆಯಲ್ಲಿ ನಿಮ್ಮ ಜಾಗದ ಬಣ್ಣ ನೋಡಿ, ಆ ವಲಯದ ಕೋಷ್ಟಕ ತೆಗೆಯಿರಿ. ಅದರಲ್ಲಿ ಬಳಕೆಗಳು ಮೂರು ಗುಂಪಾಗಿರುತ್ತವೆ: ನೇರವಾಗಿ ಒಪ್ಪಿಗೆ ಇರುವವು, ವಿಶೇಷ ಅನುಮತಿ ಬೇಕಾದವು, ನಿಷಿದ್ಧವಾದವು. ತೊಡಕು ಹೆಚ್ಚಾಗಿ ನಡುವಿನ ಗುಂಪಿನಲ್ಲಿ. ವಾಸದ ವಲಯದಲ್ಲಿ ಶಿಶುವಿಹಾರಕ್ಕೆ ಒಪ್ಪಿಗೆ ಇರಬಹುದು, ಆದರೆ ಇಂತಿಷ್ಟು ಅಗಲದ ರಸ್ತೆಗೆ ಮುಖ ಮಾಡಿರಬೇಕು ಎಂಬ ಷರತ್ತು ಅಡಿಟಿಪ್ಪಣಿಯಲ್ಲಿ ಅಡಗಿರುತ್ತದೆ. ಕೋಷ್ಟಕಕ್ಕಿಂತ ಅಡಿಟಿಪ್ಪಣಿಯನ್ನು ಎಚ್ಚರದಿಂದ ಓದಿ. ಪ್ರವಾಹಪೀಡಿತ ಪ್ರದೇಶ, ಪಾರಂಪರಿಕ ಪ್ರದೇಶ, ವಿಮಾನ ಹಾರಾಟದ ದಾರಿ, ನೀರಿನ ಕಾಲುವೆಯ ಅಂಚು ಇಂಥವು ವಲಯದ ಮೇಲೆ ಹೊದಿಸಿದ ಇನ್ನೊಂದು ಪದರ. ಇವುಗಳ ನಕ್ಷೆ ಅನೇಕ ಸಲ ಬೇರೆ ಹಾಳೆಯಲ್ಲಿರುತ್ತದೆ.

ಹಳೆಯ ಕಟ್ಟಡ ಕೊಳ್ಳುವವರು ಇನ್ನೊಂದು ವಿಷಯ ಗಮನಿಸಬೇಕು. ನಿಯಮ ಬರುವ ಮೊದಲೇ ಕಾನೂನುಬದ್ಧವಾಗಿ ಶುರುವಾಗಿದ್ದ ಬಳಕೆ, ಈಗ ವಲಯಕ್ಕೆ ಹೊಂದದಿದ್ದರೂ, ಸಾಮಾನ್ಯವಾಗಿ ಮುಂದುವರಿಯಬಹುದು. ಆದರೆ ಅದನ್ನು ವಿಸ್ತರಿಸಿದರೆ ಅಥವಾ ಕೆಲಕಾಲ ಕೈಬಿಟ್ಟರೆ ಆ ರಕ್ಷಣೆ ಹೋಗಬಹುದು. ಎರಡು ವರ್ಷ ಬೀಗ ಹಾಕಿದ್ದ ವರ್ಕ್‌ಶಾಪನ್ನು ವರ್ಕ್‌ಶಾಪಾಗಿಯೇ ತೆರೆಯಬಹುದು ಎಂದು ನಂಬಿ ದುಡ್ಡು ಕೊಡಬೇಡಿ. ಎಷ್ಟು ಕಾಲದ ಬಿಡುವಿಗೆ ಹಕ್ಕು ಹೋಗುತ್ತದೆ ಎಂದು ಮೊದಲು ನೋಡಿ.

ಕ್ರಯಪತ್ರವನ್ನೂ ತಿರುವಿಹಾಕಿ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ವಲಯ ನಿಯಮವೇ ಇಲ್ಲ, ಆದರೂ ಬಹಳಷ್ಟು ಬಡಾವಣೆಗಳಲ್ಲಿ ಪತ್ರದಲ್ಲಿ ಬರೆದ ಷರತ್ತುಗಳೇ ಆ ಕೆಲಸ ಮಾಡುತ್ತವೆ. ಪರವಾನಗಿ ಸಿಕ್ಕಿತೆಂದು ಪತ್ರದ ಷರತ್ತು ಅಳಿಸಿಹೋಗುವುದಿಲ್ಲ.

ಅಳತೆ: ಎಷ್ಟು ಕಟ್ಟಬಹುದು

ಒಂದು ಲೆಕ್ಕ ಹಿಡಿಯೋಣ. ಸಂಖ್ಯೆಗಳು ಉದಾಹರಣೆಗೆ ಮಾತ್ರ. ಸೈಟು 12 ಮೀಟರ್ ಅಗಲ, 18 ಮೀಟರ್ ಉದ್ದ, ಅಂದರೆ 216 ಚದರ ಮೀಟರ್. ಸೆಟ್‌ಬ್ಯಾಕ್ ಮುಂದೆ 4, ಹಿಂದೆ 3, ಎಡಬಲ ತಲಾ 1.5 ಮೀಟರ್. ನೆಲದ ವ್ಯಾಪ್ತಿ, ಅಂದರೆ ಸೈಟಿನಲ್ಲಿ ಕಟ್ಟಡ ಆವರಿಸಬಹುದಾದ ಪಾಲು, ಗರಿಷ್ಠ ಶೇ. 55. ಎಫ್‌ಎಆರ್ 1.5. ಎತ್ತರ 10 ಮೀಟರ್.

ಸೆಟ್‌ಬ್ಯಾಕ್ ಕಳೆದರೆ ಉಳಿಯುವುದು 9 × 11, ಅಂದರೆ 99 ಚದರ ಮೀಟರ್. ಶೇ. 55ರ ಲೆಕ್ಕದಲ್ಲಿ 118.8 ಬರುತ್ತದೆ, ಆದರೆ ಅದು ಕಾಗದದ ಮೇಲಷ್ಟೇ. ಚಿಕ್ಕದು 99, ಅದೇ ನಿಲ್ಲುತ್ತದೆ. ಎಫ್‌ಎಆರ್ ಪ್ರಕಾರ ಒಟ್ಟು 324 ಚದರ ಮೀಟರ್ ಕಟ್ಟಬಹುದು. 99ರಂತೆ ಮೂರು ಮಹಡಿಗೆ 297 ಆಯಿತು. ಉಳಿದ 27ಕ್ಕೆ ನಾಲ್ಕನೇ ಮಹಡಿಯಲ್ಲಿ ಒಂದು ಕೋಣೆ ಅಂದುಕೊಂಡರೆ ಎತ್ತರ ಬಿಡುವುದಿಲ್ಲ. ಮಹಡಿಗೆ 3.1 ಮೀಟರಿನಂತೆ 9.3, ತಳಪಾಯದ ಕಟ್ಟೆ 0.6, ಸೇರಿ 9.9 ಮೀಟರ್. 1 ಮೀಟರಿನ ಪ್ಯಾರಾಪೆಟ್ (ತಾರಸಿಯ ಅಂಚಿನ ಗಿಡ್ಡ ಗೋಡೆ) ಕೂಡ ಎತ್ತರಕ್ಕೆ ಸೇರುತ್ತದೆ ಎಂದು ನಿಯಮ ಹೇಳಿದರೆ ಮೂರು ಮಹಡಿಯೇ ಮಿತಿ ಮೀರಿತು! ಆದ್ದರಿಂದ ಎತ್ತರವನ್ನು ಎಲ್ಲಿಂದ ಎಲ್ಲಿಗೆ ಅಳೆಯುತ್ತಾರೆ ಎಂಬ ವ್ಯಾಖ್ಯೆಯನ್ನು ಮೊದಲೇ ಓದಬೇಕು. ರಸ್ತೆ ಮಟ್ಟದಿಂದಲೇ, ಸಹಜ ನೆಲಮಟ್ಟದಿಂದಲೇ? ಇಳಿಜಾರಿನ ಸೈಟಿನಲ್ಲಿ ಇಷ್ಟರಿಂದಲೇ ಒಂದು ಮಹಡಿ ಹೋಗಬಹುದು.

ಈಗ ಪಾರ್ಕಿಂಗ್. ಒಂದು ಕಾರಿಗೆ 2.5 × 5 ಮೀಟರ್ ಎಂದಿದ್ದರೆ, 4 ಮೀಟರಿನ ಮುಂಭಾಗದಲ್ಲಿ ಅದು ನೇರವಾಗಿ ಹಿಡಿಯುವುದಿಲ್ಲ. ಅಡ್ಡ ನಿಲ್ಲಿಸಬೇಕು, ಇಲ್ಲವೇ ನೆಲಮಹಡಿಯೊಳಗೆ ಬಿಡಬೇಕು. ಒಳಗಿನ ಪಾರ್ಕಿಂಗ್ ಎಫ್‌ಎಆರ್‌ಗೆ ಸೇರುತ್ತದೋ ಇಲ್ಲವೋ ಎಂಬುದು ಊರಿಂದ ಊರಿಗೆ ಬೇರೆ. ಮೆಟ್ಟಿಲು, ಲಿಫ್ಟ್, ಬಾಲ್ಕನಿಯದೂ ಅದೇ ಕಥೆ.

ಎಲ್ಲಕ್ಕಿಂತ ದುಬಾರಿ ಬೀಳುವುದು ರಸ್ತೆ ಅಗಲೀಕರಣದ ಗೆರೆ. ಇದೇ ಸೈಟಿನ ಮುಂದೆ 2 ಮೀಟರ್ ಅಗಲೀಕರಣಕ್ಕೆ ಗುರುತಾಗಿದ್ದು, ಸೆಟ್‌ಬ್ಯಾಕ್ ಹೊಸ ಗೆರೆಯಿಂದ ಶುರುವಾದರೆ ಕಟ್ಟುವ ಜಾಗ 9 × 9, ಅಂದರೆ 81. ಮೂರು ಮಹಡಿಗೆ 243. ಎರಡು ಮೀಟರಿನ ಪಟ್ಟಿಗೆ 54 ಚದರ ಮೀಟರ್ ಮನೆ ಹೋಯಿತು. ಇಂಥ ಗೆರೆ ನೆಲದ ಮೇಲೆ ಕಾಣುವುದಿಲ್ಲ, ಪತ್ರದಲ್ಲೂ ಇರದೆ ಇರಬಹುದು. ಯೋಜನಾ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ಪಡೆಯಿರಿ.

ಇಷ್ಟಾದ ಮೇಲೆ ಟೇಪು ಹಿಡಿದು ಸೈಟು ಅಳೆಯಿರಿ. ನಾಲ್ಕು ಬದಿ ಸಾಲದು, ಎರಡು ಕರ್ಣಗಳನ್ನೂ ಅಳೆಯಿರಿ. ಆಯತಾಕಾರದ ಸೈಟಿನಲ್ಲಿ ಅವು ಸಮ ಇರಬೇಕು. ಇಲ್ಲವೆಂದರೆ ಮೂಲೆ ಓರೆಯಾಗಿದೆ. ಪತ್ರದಲ್ಲಿ 12 ಇದ್ದು ನೆಲದಲ್ಲಿ 11.7 ಇದ್ದರೆ ಸೆಟ್‌ಬ್ಯಾಕ್ ಬಿಡಬೇಕಾದದ್ದು 11.7ರಿಂದ.

ಅರ್ಜಿ

ಅರ್ಜಿ ಹಿಂದಕ್ಕೆ ಬರುವುದಕ್ಕೆ ದೊಡ್ಡ ಕಾರಣಗಳಿಗಿಂತ ಸಣ್ಣ ಕಾರಣಗಳೇ ಹೆಚ್ಚು: ಉತ್ತರ ದಿಕ್ಕಿನ ಗುರುತಿಲ್ಲ, ಸ್ಕೇಲ್ ಬರೆದಿಲ್ಲ, ಪಕ್ಕದ ಕಟ್ಟಡ ತೋರಿಸಿಲ್ಲ, ಉಳಿಸಬೇಕಾದ ಮರ ಬಿಟ್ಟುಹೋಗಿದೆ, ಮಳೆನೀರು ಎಲ್ಲಿಗೆ ಹೋಗುತ್ತದೆಂದು ಹೇಳಿಲ್ಲ. ಸೈಟಿನ ನಕ್ಷೆಗೆ 1:200 ಅಥವಾ 1:500, ಮಹಡಿ ನಕ್ಷೆಗೆ 1:100 ಎಂಬುದು ಸಾಮಾನ್ಯ ರೂಢಿ. ಮುಖ್ಯ ಅಳತೆಗಳನ್ನು ಅಂಕಿಯಲ್ಲೇ ಬರೆಸಿ, ಪ್ರಿಂಟಿನಲ್ಲಿ ಸ್ಕೇಲ್ ಕೆಡುವುದು ಹೊಸದಲ್ಲ. ತೀರ್ಮಾನಕ್ಕೆ ಇರುವ ಗಡುವು ಬಹುಮಟ್ಟಿಗೆ ಅರ್ಜಿ ಪೂರ್ಣವಾದ ದಿನದಿಂದ ಶುರುವಾಗುತ್ತದೆ, ಕೊಟ್ಟ ದಿನದಿಂದಲ್ಲ. ಇಂಗ್ಲೆಂಡಿನಲ್ಲಿ ಸಣ್ಣ ಅರ್ಜಿಗೆ 8 ವಾರ, ದೊಡ್ಡದಕ್ಕೆ 13 ವಾರ.

ನೆರೆಯವರ ಆಕ್ಷೇಪಣೆ ಬಂದರೆ ಗಾಬರಿ ಬೇಡ, ಅದರಲ್ಲಿ ತೂಕವಿರುವುದು ಯಾವುದು ನೋಡಿ. ಬೆಳಕು ತಡೆಯುವುದು, ಖಾಸಗಿತನ, ಸಂಚಾರ, ಶಬ್ದ, ಚರಂಡಿ ಇವಕ್ಕೆ ತೂಕವಿದೆ. ನನ್ನ ಮನೆಯ ಬೆಲೆ ಇಳಿಯುತ್ತದೆ, ಅಂಗಡಿಗೆ ಪೈಪೋಟಿ ಬರುತ್ತದೆ ಎಂಬ ಮಾತುಗಳಿಗೆ ಸಾಮಾನ್ಯವಾಗಿ ಇಲ್ಲ. ಆಕ್ಷೇಪಣೆ ಬರೆಯುವವರಿಗೂ ಇದೇ ಮಾತು: "ನಿಮ್ಮ ಎರಡನೇ ಮಹಡಿಯ ಕಿಟಕಿ ನಮ್ಮ ಮಲಗುವ ಕೋಣೆಗೆ 5 ಮೀಟರ್ ದೂರದಲ್ಲಿ ನೇರ ಎದುರಾಗಿದೆ" ಎಂಬ ಒಂದು ಸಾಲು ನೂರು ಸಹಿಗಳ ಮನವಿಗಿಂತ ಗಟ್ಟಿ.

ನಿಯಮ ಸಡಿಲಿಕೆ ಕೇಳುವುದಾದರೆ ಜಾಗದ ತೊಡಕನ್ನು ತೋರಿಸಿ: ತ್ರಿಕೋನಾಕಾರ, ಬಂಡೆ, ತೀರಾ ಇಳಿಜಾರು. ಖರ್ಚು ಹೆಚ್ಚಾಗುತ್ತದೆ ಎಂಬುದಷ್ಟೇ ಸಾಮಾನ್ಯವಾಗಿ ಕಾರಣವೆನಿಸುವುದಿಲ್ಲ.

ಪರವಾನಗಿ ಕೈಗೆ ಬಂದ ಮೇಲೆ

ಷರತ್ತುಗಳ ಹಾಳೆಯನ್ನು ಬೇರೆ ತೆಗೆದಿಡಿ. ಅದರಲ್ಲಿ "ಕೆಲಸ ಆರಂಭಿಸುವ ಮೊದಲು" ಎಂದು ಶುರುವಾಗುವ ಸಾಲುಗಳಿಗೆ ಕೆಂಪು ಗೆರೆ ಎಳೆಯಿರಿ. ಅವನ್ನು ಪೂರೈಸದೆ ಪಾಯ ತೋಡಿದರೆ ಪರವಾನಗಿಯೇ ಪ್ರಶ್ನೆಗೆ ಬೀಳಬಹುದು. ಅದರ ಅವಧಿಯನ್ನೂ ಗುರುತಿಸಿಕೊಳ್ಳಿ. ಭೂಬಳಕೆಯ ಒಪ್ಪಿಗೆ ಒಂದು, ಕಟ್ಟಡದ ಭದ್ರತೆ ಮತ್ತು ಬೆಂಕಿ ಸುರಕ್ಷತೆಯ ಒಪ್ಪಿಗೆ ಇನ್ನೊಂದು. ಎಷ್ಟೋ ಕಡೆ ಎರಡು ಬೇರೆ ಕಡತಗಳು.

ಕಟ್ಟುವಾಗ ಸೆಟ್‌ಬ್ಯಾಕ್ ತಪ್ಪುವುದು ಹೆಚ್ಚಾಗಿ ಕೆಲವೇ ಸೆಂಟಿಮೀಟರುಗಳಲ್ಲಿ. ಕಂಬದ ಮಧ್ಯಗೆರೆಯಿಂದ ಮಾರ್ಕಿಂಗ್ ಮಾಡಿ ಅರ್ಧ ಕಂಬದ ದಪ್ಪ ಮರೆಯುತ್ತಾರೆ, ಗಾರೆಗೆ 2 ಸೆಂಟಿಮೀಟರ್, ಮೇಲೆ ಕಲ್ಲು ಹೊದಿಸಿದರೆ ಇನ್ನು 4-5. ಹೊರಗೋಡೆಯ ಮುಗಿದ ಮುಖವೇ ಗೆರೆಯೊಳಗೆ ಬರುವಂತೆ ಎಲ್ಲ ಬದಿಗೂ 7-8 ಸೆಂಟಿಮೀಟರ್ ಹೆಚ್ಚು ಬಿಟ್ಟು ನಕ್ಷೆ ಬರೆಸಿ. ಪಾಯದ ಮಾರ್ಕಿಂಗ್ ಆದ ದಿನವೇ ಅಳೆದು, ಟೇಪು ಕಾಣುವಂತೆ ಫೋಟೊ ತೆಗೆದಿಡಿ. ಕಾಂಕ್ರೀಟ್ ಬಿದ್ದ ಮೇಲೆ ತಿದ್ದುವುದು ಒಡೆಯುವ ಕೆಲಸ. ನಡುವೆ ಕಿಟಕಿ, ಬಾಲ್ಕನಿ ಬದಲಾದರೆ ತಿದ್ದುಪಡಿ ನಕ್ಷೆಗೆ ಆಗಲೇ ಅರ್ಜಿ ಹಾಕಿ. ಓಸಿಗೆ (ಕಟ್ಟಡದಲ್ಲಿ ವಾಸಿಸಬಹುದು ಎಂಬ ಪ್ರಮಾಣಪತ್ರ) ತಪಾಸಣೆಯವರು ಬಂದಾಗ ಮಂಜೂರಾದ ನಕ್ಷೆಯನ್ನೂ ಕಟ್ಟಿದ ಗೋಡೆಯನ್ನೂ ಹೋಲಿಸಿ ನೋಡುತ್ತಾರೆ. ಅವರಿಗಿಂತ ಒಂದು ವಾರ ಮುಂಚೆ ಅದೇ ನಕ್ಷೆ ಹಿಡಿದು ನೀವೇ ಮನೆ ಸುತ್ತ ಅಳೆದುಕೊಂಡು ಬನ್ನಿ.