ಪ್ರಿಂಟರ್ ಪ್ರಿಂಟ್ ಮಾಡುತ್ತಿಲ್ಲವೇ? ದೋಷ ಯಾವ ಕಡೆ ಎಂದು ಮೊದಲು ನೋಡಿ

ಪ್ರಿಂಟ್ ಕೊಟ್ಟರೂ ಕಾಗದ ಹೊರಬರದಿದ್ದಾಗ ಹೆಚ್ಚಿನವರು ಮತ್ತೆ ಮತ್ತೆ ಪ್ರಿಂಟ್ ಒತ್ತುತ್ತಾರೆ, ಇಲ್ಲವೇ ಡ್ರೈವರ್ (ಕಂಪ್ಯೂಟರಿಗೆ ಪ್ರಿಂಟರ್ ನಡೆಸಲು ಬೇಕಾದ ತಂತ್ರಾಂಶ) ಕಿತ್ತುಹಾಕಿ ಹೊಸದಾಗಿ ಹಾಕಲು ಕೂರುತ್ತಾರೆ. ಎರಡೂ ಬೇಡ. ಒತ್ತಿದಷ್ಟೂ ಕ್ಯೂ ಬೆಳೆಯುತ್ತದೆ. ಸರಿಹೋದ ಮೇಲೆ ಒಂದೇ ಪುಟ ಹತ್ತು ಸಲ ಬಂದು ಇಂಕು, ಕಾಗದ ಎರಡೂ ದಂಡ. ದೋಷ ಪ್ರಿಂಟರಿನಲ್ಲೇ ಇದೆಯೋ, ಕಂಪ್ಯೂಟರಿನಿಂದ ಅಲ್ಲಿಗೆ ಹೋಗುವ ದಾರಿಯಲ್ಲಿದೆಯೋ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಸ್ಕ್ಯಾನರ್ ಇರುವ ಪ್ರಿಂಟರ್ ಆದರೆ ಅಕ್ಷರವಿರುವ ಯಾವುದಾದರೂ ಹಾಳೆಯನ್ನು ಗಾಜಿನ ಮೇಲೆ ಬೋರಲು ಹಾಕಿ ಕಾಪಿ ಒತ್ತಿ. ಸ್ಕ್ಯಾನರ್ ಇಲ್ಲದಿದ್ದರೆ ಪ್ರಿಂಟರಿನ ಮೆನುವಿನಿಂದಲೇ ಟೆಸ್ಟ್ ಪೇಜ್ ತೆಗೆಯಿರಿ. ಪರದೆ ಇಲ್ಲದ ಮಾದರಿಗಳಲ್ಲಿ ಯಾವ ಬಟನ್ ಎಷ್ಟು ಹೊತ್ತು ಒತ್ತಬೇಕೆಂಬುದು ಕೈಪಿಡಿಯಲ್ಲಿರುತ್ತದೆ. ಹಾಳೆ ಚೆನ್ನಾಗಿ ಬಂತೆಂದರೆ ಇಂಕು, ಅದನ್ನು ಸಿಂಪಡಿಸುವ ಹೆಡ್, ಕಾಗದ ಎಳೆಯುವ ರೋಲರ್ ಎಲ್ಲ ಸರಿಯಿದೆ, ಪ್ರಿಂಟರಿಗೆ ಕೈ ಹಾಕಬೇಡಿ. ಬರಲಿಲ್ಲವೆಂದರೆ ಕಂಪ್ಯೂಟರಿನ ಸೆಟ್ಟಿಂಗ್ಸ್ ಎಷ್ಟು ತಡಕಿದರೂ ಪ್ರಯೋಜನವಿಲ್ಲ.

ಕಾಪಿ ಬರುತ್ತದೆ, ಪ್ರಿಂಟ್ ಬರುವುದಿಲ್ಲ

ಪ್ರಿಂಟ್ ವಿಂಡೋದಲ್ಲಿ ಯಾವ ಹೆಸರು ಆಯ್ಕೆಯಾಗಿದೆ ನೋಡಿ. ಪಿಡಿಎಫ್ ಆಗಿ ಸೇವ್ ಮಾಡುವ ಪ್ರಿಂಟರ್ ಆಯ್ಕೆಯಾಗಿದ್ದರೆ ಕಾಗದ ಬರುವುದೇ ಇಲ್ಲ. ನಿಮ್ಮ ಪ್ರಿಂಟರಿನ ಹೆಸರೇ ‘ಕಾಪಿ 1’ ಎಂಬ ಬಾಲ ಹಚ್ಚಿಕೊಂಡು ಎರಡು ಸಲ ಕಾಣುತ್ತಿದ್ದರೆ ಎರಡಕ್ಕೂ ಒಂದೊಂದು ಪುಟ ಕಳಿಸಿ, ಕೆಲಸ ಮಾಡದ್ದನ್ನು ತೆಗೆದುಹಾಕಿ.

ಆಮೇಲೆ ಪ್ರಿಂಟ್ ಕ್ಯೂ ತೆರೆಯಿರಿ. ಆಫ್‌ಲೈನ್ ಅಥವಾ ಪಾಝ್ (Pause, ತಾತ್ಕಾಲಿಕ ತಡೆ) ಎಂದು ಗುರುತಾಗಿದ್ದರೆ ಆ ಗುರುತು ತೆಗೆಯಿರಿ. ಮೊದಲ ಫೈಲ್ ಎರರ್ ಕೊಟ್ಟು ನಿಂತಿದ್ದರೆ ಅದರ ಹಿಂದಿನವೆಲ್ಲ ಕಾಯುತ್ತಲೇ ಇರುತ್ತವೆ, ಅದನ್ನು ಕ್ಯಾನ್ಸಲ್ ಮಾಡಿ. ‘ಡಿಲೀಟಿಂಗ್’ ಎಂದು ತೋರಿಸುತ್ತ ಅಲುಗಾಡದೆ ಕುಳಿತರೆ ಸ್ಪೂಲರನ್ನೇ (ಪ್ರಿಂಟಿಗೆ ಕಳಿಸಿದ ಫೈಲುಗಳನ್ನು ಸಾಲಿನಲ್ಲಿ ಇಟ್ಟುಕೊಳ್ಳುವ ವ್ಯವಸ್ಥೆ) ಖಾಲಿ ಮಾಡಬೇಕು. ವಿಂಡೋಸಿನಲ್ಲಿ ಕ್ರಮ ಹೀಗೆ: ಪ್ರಿಂಟರ್ ಆಫ್ ಮಾಡಿ. ಸ್ಟಾರ್ಟ್ ಮೆನುವಿನಲ್ಲಿ ‘ಸರ್ವಿಸಸ್’ ಹುಡುಕಿ ತೆರೆದು, ‘ಪ್ರಿಂಟ್ ಸ್ಪೂಲರ್’ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟಾಪ್ ಕೊಡಿ. ಸಿ ಡ್ರೈವ್, ವಿಂಡೋಸ್, ಸಿಸ್ಟಮ್32, ಸ್ಪೂಲ್, ಪ್ರಿಂಟರ್ಸ್ ಎಂದು ಒಂದೊಂದೇ ಫೋಲ್ಡರ್ ತೆರೆದು ಹೋಗಿ, ಕೊನೆಯದರಲ್ಲಿರುವ ಫೈಲುಗಳನ್ನಷ್ಟೇ ಡಿಲೀಟ್ ಮಾಡಿ, ಫೋಲ್ಡರ್ ಹಾಗೇ ಇರಲಿ. ಸ್ಪೂಲರಿಗೆ ಮತ್ತೆ ಸ್ಟಾರ್ಟ್ ಕೊಟ್ಟು ಪ್ರಿಂಟರ್ ಆನ್ ಮಾಡಿ.

ವೈಫೈ ಪ್ರಿಂಟರುಗಳ ದೊಡ್ಡ ಕಾಟ ‘ನಿನ್ನೆ ಬಂತು, ಇವತ್ತು ಆಫ್‌ಲೈನ್’ ಎಂಬುದು. ಇದಕ್ಕೆ ಬಹಳ ಸಲ ಕಾರಣ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಪ್ರಿಂಟರನ್ನು ಗುರುತಿಸುವ ಸಂಖ್ಯೆ. ರೂಟರ್ ರೀಸ್ಟಾರ್ಟ್ ಆದಾಗ ಪ್ರಿಂಟರಿಗೆ ಬೇರೆ ವಿಳಾಸ ಸಿಕ್ಕಿರಬಹುದು. ಕಂಪ್ಯೂಟರ್ ಮಾತ್ರ ಹಳೆಯದಕ್ಕೇ ಕಳಿಸುತ್ತಿರುತ್ತದೆ. ಪ್ರಿಂಟರಿನ ನೆಟ್‌ವರ್ಕ್ ಪೇಜ್‌ನಲ್ಲಿರುವ ವಿಳಾಸವನ್ನೂ ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್ ಟ್ಯಾಬಿನಲ್ಲಿರುವುದನ್ನೂ ಹೋಲಿಸಿ ನೋಡಿ. ಬೇರೆಬೇರೆ ಇದ್ದರೆ ಆ್ಯಡ್ ಪೋರ್ಟ್ ಒತ್ತಿ, ಸ್ಟ್ಯಾಂಡರ್ಡ್ ಟಿಸಿಪಿ ಐಪಿ ಪೋರ್ಟ್ ಆರಿಸಿ ಹೊಸ ವಿಳಾಸ ಕೊಡಿ. ರೂಟರಿನ ಸೆಟ್ಟಿಂಗ್ಸ್‌ನಲ್ಲಿ ಆ ವಿಳಾಸವನ್ನು ಪ್ರಿಂಟರಿಗೇ ರಿಸರ್ವ್ ಮಾಡಿಟ್ಟರೆ ಈ ತಾಪತ್ರಯ ಮರುಕಳಿಸುವುದಿಲ್ಲ. ವಿಳಾಸ 169.254 ಎಂದು ಶುರುವಾಗುತ್ತಿದ್ದರೆ ರೂಟರಿನಿಂದ ವಿಳಾಸವೇ ಸಿಕ್ಕಿಲ್ಲ ಎಂದರ್ಥ. ಪ್ರಿಂಟರನ್ನು ವೈಫೈಗೆ ಮತ್ತೆ ಸೇರಿಸಿ. ಮನೆಬಳಕೆಯ ಎಷ್ಟೋ ಪ್ರಿಂಟರುಗಳು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಹಿಡಿಯುತ್ತವೆ ಎಂಬುದು ನೆನಪಿರಲಿ. ಕಂಪ್ಯೂಟರ್ ಗೆಸ್ಟ್ ನೆಟ್‌ವರ್ಕಿನಲ್ಲಿದ್ದರೂ, ವಿಪಿಎನ್ (ಇಂಟರ್ನೆಟ್ ಸಂಪರ್ಕವನ್ನು ಬೇರೆ ದಾರಿಯಲ್ಲಿ ಕಳಿಸುವ ಸೇವೆ) ಆನ್ ಇದ್ದರೂ ಪ್ರಿಂಟರ್ ಕಾಣದೇ ಹೋಗಬಹುದು.

ಯುಎಸ್‌ಬಿ ಆದರೆ ಹಬ್ ಬಿಟ್ಟು ನೇರ ಕಂಪ್ಯೂಟರಿಗೆ ಚುಚ್ಚಿ, ಕೇಬಲ್ ಬದಲಿಸಿ ನೋಡಿ.

ಫೈಲ್ ಪ್ರಿಂಟರಿಗೆ ಹೋಗಿದೆ, ಆದರೆ ಲೈಟ್ ಮಿಣುಕುತ್ತ ಸುಮ್ಮನೆ ನಿಂತಿದೆಯೇ? ಫೈಲಿನಲ್ಲಿ ಲೆಟರ್ ಸೈಜ್, ಟ್ರೇಯಲ್ಲಿ ಎ4 ಇದ್ದರೆ ಹಾಗಾಗುತ್ತದೆ. ಪೇಪರ್ ಸೈಜ್ ಎ4 ಎಂದು ಬದಲಿಸಿ. ಒಂದೇ ಒಂದು ಪಿಡಿಎಫ್ ಮಾತ್ರ ಸತಾಯಿಸುತ್ತಿದ್ದರೆ ‘ಪ್ರಿಂಟ್ ಆ್ಯಸ್ ಇಮೇಜ್’ ಆಯ್ಕೆ ಬಳಸಿ. ಇಷ್ಟೆಲ್ಲ ಆದರೂ ಬರದಿದ್ದರೆ ಆಗ ಡ್ರೈವರ್ ತೆಗೆದು, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ತಯಾರಕರ ಸೈಟಿನಿಂದಲೇ ಇಳಿಸಿಕೊಂಡು ಹಾಕಿ.

ಕಾಪಿಯೂ ಬರುವುದಿಲ್ಲ

ಕಾಗದ ಸಿಕ್ಕಿಕೊಂಡಿದ್ದರೆ ಪ್ರಿಂಟರ್ ಆಫ್ ಮಾಡಿ, ಎರಡೂ ಕೈಯಲ್ಲಿ ಹಿಡಿದು, ಕಾಗದ ಸಾಗುವ ದಿಕ್ಕಿನಲ್ಲೇ ನಿಧಾನವಾಗಿ ಎಳೆಯಿರಿ. ಹಿಂಬದಿಯ ಮುಚ್ಚಳವನ್ನೂ ತೆಗೆದು ಟಾರ್ಚ್ ಬಿಟ್ಟು ನೋಡಿ. ಉಗುರಿನಷ್ಟು ಚೂರು ಸೆನ್ಸರಿನ ಬಳಿ ಉಳಿದರೂ ‘ಪೇಪರ್ ಜಾಮ್’ ಹೋಗುವುದಿಲ್ಲ. ಕಾಗದವನ್ನೇ ಎಳೆದುಕೊಳ್ಳುತ್ತಿಲ್ಲವೆಂದರೆ ರಬ್ಬರ್ ರೋಲರ್ ಮೇಲೆ ಕಾಗದದ ಪುಡಿ ಕೂತು ಹಿಡಿತ ತಪ್ಪಿರುತ್ತದೆ. ನೂಲು ಬಿಡದ ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ, ರೋಲರ್ ತಿರುಗಿಸುತ್ತ ಒರೆಸಿ, ಪೂರ್ತಿ ಒಣಗಲು ಬಿಡಿ.

ಇಂಕ್‌ಜೆಟ್‌ನಲ್ಲಿ ಖಾಲಿ ಹಾಳೆ ಬಂದರೆ ನಾಝಲ್ ಚೆಕ್ (ಇಂಕು ಚಿಮ್ಮುವ ಸಣ್ಣ ರಂಧ್ರಗಳ ಪರೀಕ್ಷೆಯ ಹಾಳೆ) ತೆಗೆಯಿರಿ. ಗೆರೆಗಳ ನಡುವೆ ಬಿಳಿ ಬಿರುಕು ಕಂಡಲ್ಲಿ ಆ ನಾಝಲ್‌ಗಳಲ್ಲಿ ಇಂಕು ಒಣಗಿದೆ. ಹೆಡ್ ಕ್ಲೀನಿಂಗ್ ಒಮ್ಮೆ ಮಾಡಿ ಮತ್ತೆ ಚೆಕ್ ತೆಗೆಯಿರಿ. ಎರಡು ಮೂರು ಸಲಕ್ಕೂ ತೆರೆಯದಿದ್ದರೆ ಒಂದು ರಾತ್ರಿ ಬಿಟ್ಟು ಮತ್ತೆ ಪ್ರಯತ್ನಿಸಿ, ಒಳಗಿನ ಗಡ್ಡೆ ನೆನೆದು ಸಡಿಲವಾಗಲು ಸಮಯ ಬೇಕು. ಒಂದೇ ಸಮನೆ ಕ್ಲೀನಿಂಗ್ ಒತ್ತಬೇಡಿ. ಪ್ರತಿ ಸಲವೂ ಇಂಕು ಖರ್ಚಾಗಿ ಒಳಗಿನ ವೇಸ್ಟ್ ಇಂಕ್ ಪ್ಯಾಡ್ ಸೇರುತ್ತದೆ, ಅದು ತುಂಬಿತೆಂದರೆ ಪ್ರಿಂಟರ್ ನಿಂತೇ ಹೋಗುತ್ತದೆ. ಹೊಸ ಕಾರ್ಟ್ರಿಜ್ ಆದರೆ ಗಾಳಿರಂಧ್ರದ ಮೇಲಿನ ಟೇಪ್ ತೆಗೆದಿದ್ದೀರಾ ನೋಡಿ. ಇಂಕ್‌ಜೆಟ್ಟನ್ನು ಯಾವಾಗಲೂ ಅದರ ಪವರ್ ಬಟನ್‌ನಿಂದಲೇ ಆಫ್ ಮಾಡಿ. ಆಗಷ್ಟೇ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಿಕೊಳ್ಳುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ ತೆರೆದೇ ಉಳಿದು ಒಣಗಬಹುದು.

ಲೇಸರ್‌ನಲ್ಲಿ ಹೊಸ ಟೋನರ್ ಹಾಕಿದ ಮೇಲೆ ಖಾಲಿ ಹಾಳೆ ಬಂದರೆ ಸೀಲ್ ಟೇಪ್ ಎಳೆಯುವುದು ಮರೆತಿರಬಹುದು. ಅಕ್ಷರ ಮಸುಕಾಗಿದ್ದರೆ ಕಾರ್ಟ್ರಿಜ್ ಅಡ್ಡ ಹಿಡಿದು ಎಡಕ್ಕೂ ಬಲಕ್ಕೂ ಐದಾರು ಸಲ ಮೆಲ್ಲಗೆ ಆಡಿಸಿ. ಇನ್ನಷ್ಟು ಪುಟ ಸಿಗುತ್ತವೆ. ಕಾಗದಕ್ಕೆ ಚಿತ್ರ ಮೂಡಿಸುವ ಉರುಳೆಯಾದ ಡ್ರಮ್‌ನ ಹೊಳೆಯುವ ಮೈ ಮುಟ್ಟಬೇಡಿ, ಬೆಳಕಿಗೆ ಒಡ್ಡಬೇಡಿ. ಟೋನರನ್ನು ಕಾಗದಕ್ಕೆ ಬಿಸಿಯಿಂದ ಅಂಟಿಸುವ ಫ್ಯೂಸರ್ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ, ಹಿಂಬದಿಗೆ ಕೈ ಹಾಕುವ ಮುನ್ನ ಅರ್ಧ ಗಂಟೆ ಆರಲು ಬಿಡಿ. ಟೋನರ್ ಪುಡಿ ಬಟ್ಟೆಗೆ ಚೆಲ್ಲಿದರೆ ಕೊಡವಿ ತಣ್ಣೀರಲ್ಲಿ ತೊಳೆಯಿರಿ. ಬಿಸಿನೀರು ಹಾಕಿದರೆ ಕರಗಿ ಕಲೆ ಕೂತುಬಿಡುತ್ತದೆ.