ಮೂವತ್ತಮೂರನೆಯ ರೆಜಿಮೆಂಟಿನ ಕೆಂಪು

ಮೊದಲ ದಿನ ನಾನು ಬಳಿದ ಕೆಂಪು, ಕುಂಕುಮದ ಭರಣಿ ಮಗುಚಿದಂತಿತ್ತು. ನೆಪೋಲಿಯನ್ ಕಾಲದ ಯುದ್ಧತಂತ್ರದ ಆಟವೊಂದಕ್ಕೆ ಬ್ರಿಟಿಷ್ ಕಾಲಾಳುಗಳ ಉಡುಪನ್ನು ಹೊಸದಾಗಿ ಮಾಡಲು ಕುಳಿತಿದ್ದೆ. ಆಟದ ಜೊತೆ ಬಂದ ಸೈನಿಕನಿಗೆ 1815ರಲ್ಲೂ ಬೆನ್ನ ಮೇಲೆ ಜುಟ್ಟು ಇಳಿಬಿದ್ದಿತ್ತು. ಆ ಸೇನೆ ಜುಟ್ಟಿಗೆ ಕತ್ತರಿ ಹಾಕಿದ್ದು 1808ರಲ್ಲಿ. ಏಳು ವರ್ಷದ ಹಿಂದೆಯೇ ಉದುರಿದ ಕೂದಲು, ನೆಪೋಲಿಯನ್ ಕೊನೆಯ ಬಾರಿಗೆ ಸೋತ ವಾಟರ್ಲೂ ಕದನದಲ್ಲಿ ಅಲ್ಲಾಡುವುದನ್ನು ನೋಡಲಾಗದೆ ಈ ಕೆಲಸಕ್ಕೆ ಇಳಿದವನು ನಾನು. ಮೂರು ಆಯಾಮದ ಮಾದರಿಯನ್ನು ತಿದ್ದುವುದು ಆಗ ನನಗೆ ಬರುತ್ತಿರಲಿಲ್ಲ. ಆದ್ದರಿಂದ ಜುಟ್ಟಿನ ಮೇಲಿನ ಚಿತ್ರವನ್ನಷ್ಟೇ ಪಾರದರ್ಶಕ ಮಾಡಿದೆ. ಜುಟ್ಟು ಈಗಲೂ ಅಲ್ಲೇ ಇದೆ, ಯಾರಿಗೂ ಕಾಣುವುದಿಲ್ಲ.

ಮೈಸೂರು ಸೀಮೆಯವನಾದ ನನಗೆ 33ನೆಯ ರೆಜಿಮೆಂಟನ್ನೇ ಮೊದಲು ಮಾಡಬೇಕೆನ್ನಿಸಿತು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಗೆ ಬಂದ ರೆಜಿಮೆಂಟ್ ಅದು. ಸುಲ್ತಾನ್‌ಪೇಟೆಯ ತೋಪಿನಲ್ಲಿ ರಾತ್ರಿ ಕತ್ತಲಲ್ಲಿ ತಬ್ಬಿಬ್ಬಾಗಿ ಹಿಂದೆ ಸರಿದದ್ದೂ ಅದೇ. ಆಗ ಅದನ್ನು ನಡೆಸುತ್ತಿದ್ದ ಆರ್ಥರ್ ವೆಲ್ಲೆಸ್ಲಿ ಹದಿನಾರು ವರ್ಷಗಳ ಮೇಲೆ ವೆಲಿಂಗ್ಟನ್ ಡ್ಯೂಕ್ ಆಗಿ ವಾಟರ್ಲೂನಲ್ಲಿ ಇಡೀ ಸೇನೆಯನ್ನು ನಡೆಸಿದ. 33ನೆಯ ರೆಜಿಮೆಂಟ್ ಅಲ್ಲಿಯೂ ಅವನ ಕೈಕೆಳಗಿತ್ತು.

ಬ್ರಿಟಿಷ್ ರೆಜಿಮೆಂಟುಗಳನ್ನು ಗುರುತಿಸುತ್ತಿದ್ದುದು ಕಾಲರ್ ಮತ್ತು ತೋಳಿನ ತುದಿಯ ಬಣ್ಣದಿಂದ. 28ನೆಯದಕ್ಕೆ ಹಳದಿ, 69ನೆಯದಕ್ಕೆ ಹಸಿರು, ರಾಜನ ಹೆಸರು ಹೊತ್ತವಕ್ಕೆ ಗಾಢ ನೀಲಿ. ನಾನು ಆರಿಸಿಕೊಂಡ 33ನೆಯದಕ್ಕೆ ಇದ್ದುದು ಕೆಂಪು. ಕೆಂಪು ಕೋಟಿಗೆ ಕೆಂಪೇ ಕಾಲರ್! ಮೊದಲ ಆವೃತ್ತಿ ಹೊರಬಿಟ್ಟ ಮರುದಿನವೇ ಒಬ್ಬ ಆಟಗಾರ ಬರೆದ: ‘ಕಾಲರಿಗೆ ಬಣ್ಣ ಹಾಕುವುದನ್ನು ಮರೆತಿದ್ದೀರಿ.’ ಅಷ್ಟೂ ರಾತ್ರಿಗಳ ನಿದ್ದೆಗೆಟ್ಟದ್ದಕ್ಕೆ ಸಿಕ್ಕ ಮೊದಲ ಪ್ರಶಸ್ತಿ ಅದು.

ಆದರೆ ಯಾವ ಕೆಂಪು? ಸಿನಿಮಾ ನೋಡಿ ಬೆಳೆದ ಕಣ್ಣಿಗೆ ಬ್ರಿಟಿಷ್ ಕೋಟೆಂದರೆ ಹೊಳೆಯುವ ಕಡುಗೆಂಪು. ಅದು ಅಧಿಕಾರಿಗಳ ಬಟ್ಟೆ. ಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಕೀಟದಿಂದ ತೆಗೆದ ದುಬಾರಿ ಬಣ್ಣ. ಸಾಮಾನ್ಯ ಸಿಪಾಯಿಯ ಒರಟು ಉಣ್ಣೆಗೆ ಹಾಕುತ್ತಿದ್ದುದು ಮ್ಯಾಡರ್ ಬೇರಿನ ಬಣ್ಣ. ಅದು ನಮ್ಮ ಮಂಜಿಷ್ಠದ ಹತ್ತಿರದ ನಂಟು. ಹೊಸದಿದ್ದಾಗಲೇ ಇಟ್ಟಿಗೆಯ ಛಾಯೆ. ಬಿಸಿಲು ಮಳೆ ತಿಂದ ಮೇಲೆ ಕಾವಿಗೆ ತಿರುಗುತ್ತದೆ. ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂ ಜಾಲತಾಣದಲ್ಲಿ ಇಟ್ಟಿರುವ ಕೋಟುಗಳ ಫೋಟೋಗಳನ್ನು ನೋಡಿದೆ. ಆದರೆ ಇನ್ನೂರು ವರ್ಷ ಮಾಸಿದ ಬಟ್ಟೆಯ ಬಣ್ಣವನ್ನು ಹಾಗೇ ಎತ್ತಿ ಬಳಿದರೆ ಸೈನಿಕ ಹುಟ್ಟುವಾಗಲೇ ಹಳಬನಾಗುತ್ತಾನೆ. ಹಳೆಯ ಬಟ್ಟೆಯ ನಿಜವಾದ ಬಣ್ಣ ಉಳಿಯುವುದು ಬೆಳಕು ಬೀಳದ ಮಡಿಕೆಗಳಲ್ಲಿ. ಹೊಲಿಗೆಯ ಒಳಗು, ಮಡಚಿದ ಕಾಲರಿನ ಅಡಿ ಕಾಣುವಂಥ ಫೋಟೋಗಳನ್ನೇ ಹುಡುಕಿದೆ. ಚಾರ್ಲ್ಸ್ ಹ್ಯಾಮಿಲ್ಟನ್ ಸ್ಮಿತ್ ಆ ಕಾಲದಲ್ಲೇ ಬರೆದ ಸಮವಸ್ತ್ರದ ಚಿತ್ರಗಳೂ ನೆರವಾದವು. ಆದರೆ ಅವುಗಳ ಪ್ರತಿಗಳಿಗೆ ಕೈಯಲ್ಲಿ ಬಣ್ಣ ತುಂಬಿದ್ದರಿಂದ ಒಂದು ಪ್ರತಿಯ ಕೆಂಪು ಇನ್ನೊಂದರದ್ದಲ್ಲ. ಕೊನೆಗೆ ಸಿಪಾಯಿಗೆ, ಕಂಪ್ಯೂಟರಿನ ಬಣ್ಣದ ಲೆಕ್ಕದಲ್ಲಿ, ಕೆಂಪು 150, ಹಸಿರು 52, ನೀಲಿ 44 ಎಂಬಲ್ಲಿಗೆ ಬಂದು ನಿಂತೆ. ಅಧಿಕಾರಿಗೆ ಕುಂಕುಮದ ಭರಣಿಯೇ ಇರಲಿ ಎಂದು ಬಿಟ್ಟೆ.

ಹತ್ತಿರದಿಂದ ನೋಡಿದಾಗ ಚೆನ್ನಾಗಿತ್ತು. ಕ್ಯಾಮೆರಾವನ್ನು ಗುಡ್ಡದ ಎತ್ತರಕ್ಕೆ ಒಯ್ದೆ. ಇಡೀ ರೆಜಿಮೆಂಟ್ ಗುಲಾಬಿ ಬಣ್ಣಕ್ಕೆ ತಿರುಗಿತು! ಇದರ ಗುಟ್ಟು ತಿಳಿಯಲು ಎರಡು ವಾರ ಹಿಡಿಯಿತು. ಉಡುಪಿನ ಚಿತ್ರ 1024 ಪಿಕ್ಸೆಲ್ ಅಗಲದ್ದು. ಸೈನಿಕ ದೂರವಾದಂತೆ ಆಟವು ಅದೇ ಚಿತ್ರದ 512, 256, 128 ಪಿಕ್ಸೆಲಿನ ಕಿರಿಯ ಪ್ರತಿಗಳನ್ನು ಬಳಸುತ್ತದೆ. ಅವನ್ನು ತಂತ್ರಾಂಶ ತಾನಾಗಿಯೇ ಮಾಡುತ್ತದೆ, ಅಕ್ಕಪಕ್ಕದ ಪಿಕ್ಸೆಲುಗಳ ಸರಾಸರಿ ತೆಗೆದು. ಬ್ರಿಟಿಷ್ ಸಿಪಾಯಿಯ ಎದೆಯ ಮೇಲೆ ಗುಂಡಿ ಗುಂಡಿಗೂ ಬಿಳಿ ಲೇಸಿನ ಅಡ್ಡಪಟ್ಟಿ. ಕೆಂಪು, ಬಿಳಿ, ಕೆಂಪು, ಬಿಳಿ: ಸರಾಸರಿ ತೆಗೆದರೆ ಗುಲಾಬಿಯಲ್ಲದೆ ಇನ್ನೇನು? ನಾನು ಕಷ್ಟಪಟ್ಟು ಎಳೆ ಎಳೆಯಾಗಿ ಬಿಡಿಸಿದ ಲೇಸೇ ಬಣ್ಣ ಕೆಡಿಸಿತ್ತು. ಕಿರಿಯ ಪ್ರತಿಗಳನ್ನೆಲ್ಲ ಒಂದೊಂದಾಗಿ ತೆರೆದು ಲೇಸನ್ನು ಅಳಿಸಿದೆ. ಎದೆಯ ಮೇಲೆ ಕತ್ತರಿಯಾಕಾರದಲ್ಲಿ ಹಾಯುವ, ಬಿಳಿ ಜೇಡಿ ಬಳಿದ ತೊಗಲಿನ ಪಟ್ಟಿಗಳನ್ನು ಮಾತ್ರ ಉಳಿಸಿ, ಅವನ್ನು ಇರಬೇಕಾದ್ದಕ್ಕಿಂತ ತುಸು ಅಗಲ ಮಾಡಿದೆ. ಲೆಕ್ಕದಲ್ಲಿ ಅದು ತಪ್ಪು. ಗುಡ್ಡದ ಮೇಲಿಂದ ನೋಡಿದರೆ ಅದೇ ಸರಿ.

ಸಮವಸ್ತ್ರದ ನಿಯಮದ ಹಾಳೆಯನ್ನು ನಂಬಿ ಮಾಡಿದ ತಪ್ಪುಗಳು ಇನ್ನೂ ಇದ್ದವು. ಎಲ್ಲರಿಗೂ 1812ರ ಹೊಸ ಮಾದರಿಯ ಶಾಕೋ ಟೋಪಿ ತೊಡಿಸಿದ್ದೆ. ಆದರೆ 28ನೆಯ ರೆಜಿಮೆಂಟ್ ವಾಟರ್ಲೂಗೂ ಕೊಳವೆಯಂತೆ ನೆಟ್ಟಗಿದ್ದ ಹಳೆಯ ಟೋಪಿಯಲ್ಲೇ ಬಂದಿತ್ತು. ಬಿಳಿ ಚಲ್ಲಣದ ಬದಲು ಬೂದು ಷರಾಯಿ, ಟೋಪಿಯ ಅಂದದ ಗರಿ ಫಲಕಗಳನ್ನೆಲ್ಲ ಮರೆಮಾಡುವ ಮೇಣಬಟ್ಟೆಯ ಮುಸುಕು, ಸೊಂಟದ ಬಳಿ ತಿಳಿನೀಲಿ ಬಳಿದ ಮರದ ನೀರಿನ ಡಬ್ಬಿ: ಇವೆಲ್ಲ ಎರಡನೆಯ ಆವೃತ್ತಿಯಲ್ಲಿ ಬಂದವು. ಕದನದ ಹಿಂದಿನ ರಾತ್ರಿಯೆಲ್ಲ ಮಳೆ ಸುರಿದಿತ್ತಲ್ಲ, ಮೊಣಕಾಲಿನವರೆಗೆ ಕೆಸರು ಮೆತ್ತಿದ್ದೂ ಆಗಲೇ. ಕೆಸರು ಮೆತ್ತುವಾಗ ಸಿಕ್ಕ ಸಂತೋಷ ಜರಿ ಬಿಡಿಸುವಾಗ ಸಿಕ್ಕಿರಲಿಲ್ಲ.

ಫ್ರೆಂಚರ ಉಡುಪು ಮಾಡುವಾಗ ಒಬ್ಬರು ಬಿಳಿ ಕೋಟು ಕೇಳಿದರು. 1806ರಲ್ಲಿ ನೆಪೋಲಿಯನ್ ಹಾಗೊಂದು ಆಜ್ಞೆ ಹೊರಡಿಸಿದ್ದು ನಿಜ. ಬ್ರಿಟಿಷ್ ನೌಕಾಪಡೆಯ ದಿಗ್ಬಂಧನದಿಂದ, ಫ್ರೆಂಚರ ಎಂದಿನ ಕೋಟಿಗೆ ಬೇಕಾದ ನೀಲಿ ಬಣ್ಣಕ್ಕೆ ಬರವಿತ್ತು. ಆದರೆ ಕೆಲವೇ ರೆಜಿಮೆಂಟುಗಳು ಅದನ್ನು ತೊಟ್ಟವು, ಮರುವರ್ಷವೇ ಆಜ್ಞೆ ಬಿದ್ದುಹೋಯಿತು. 1815ಕ್ಕೆ ಅದು ಸಲ್ಲದು ಎಂದೆ. ಅದರ ಬದಲು ಬಹಳಷ್ಟು ಫ್ರೆಂಚರಿಗೆ ಮಾಸಲು ಮೇಲಂಗಿ ತೊಡಿಸಿದೆ.

ಆಗ ಎಲ್ಲ ಕಡೆಯಿಂದ ದೂರು: ‘ಯಾರು ನಮ್ಮವರು, ಯಾರು ಅವರು, ತಿಳಿಯುವುದಿಲ್ಲ.’ ಉತ್ತರವಾಗಿ ಆ ರಣರಂಗದ ಅಂಚಿನ ತೋಟದಮನೆ ಪ್ಯಾಪೆಲೊಟ್ಟಿನ ಕಥೆ ಹೇಳಿದೆ. ವಾಟರ್ಲೂ ಸಂಜೆ ವೆಲಿಂಗ್ಟನ್ನನ ಎಡಪಕ್ಕದಲ್ಲಿದ್ದ, ಜರ್ಮನಿಯ ನಸೌ ಸಂಸ್ಥಾನದ ಸೈನಿಕರ ಮೇಲೆ, ನೆರವಿಗೆಂದು ಬಂದ ಪ್ರಷ್ಯನ್ನರೇ ಗುಂಡು ಹಾರಿಸಿದರು. ನಸೌದವರ ಉಡುಪು ಫ್ರೆಂಚ್ ಮಾದರಿಯದು. ಕಥೆ ಕೇಳಿ ಕೆಲವರು ಒಪ್ಪಿದರು. ಉಳಿದವರು, ‘ನಾವು ಆಡುವುದು ಸಂಜೆ ಕಚೇರಿ ಮುಗಿಸಿ ಬಂದು, ಕಣ್ಣು ನೋಯುತ್ತದೆ’ ಎಂದರು. ಅವರಿಗೆ ಮೇಲಂಗಿಯಿಲ್ಲದ ಬೇರೊಂದು ಕಡತ ಮಾಡಿಕೊಟ್ಟೆ. ಜನ ಹೆಚ್ಚು ಇಳಿಸಿಕೊಂಡದ್ದು ಅದನ್ನೇ.

ನಾನು ಮಾತ್ರ ಕೆಸರಿನ ಆವೃತ್ತಿಯನ್ನೇ ಆಡುತ್ತೇನೆ. ಕಳೆದ ಭಾನುವಾರ ಪ್ಯಾಪೆಲೊಟ್ಟಿನ ಬೇಲಿಯಾಚೆ ನೀಲಿ ಕೋಟಿನ ತುಕಡಿಯೊಂದು ಕಂಡಿತು. ಸಿಕ್ಕರಲ್ಲ ಎಂದು ಕುದುರೆಪಡೆಯನ್ನು ಅತ್ತ ಓಡಿಸಿದೆ. ಅರ್ಧ ದಾರಿಯಲ್ಲಿ ಬಾಣದ ಗುರುತನ್ನು ಅವರ ಮೇಲಿಟ್ಟಾಗ ಅದು ಹಸಿರಾಯಿತು. ಅವರು ನಾನೇ ಬಣ್ಣ ಬಳಿದ ನಸೌದವರು.